ತಲೆ ಮೇಲೆ ಕೈ ಹೊತ್ತು ಕೂತವರು

"ಯಾವಾಗ ನೋಡಿದ್ರೂ ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ತಾಳೆ ಮೇಡಂ. ಮನೆಗೆ ಒಳ್ಳೇದಲ್ಲ ಕಣೇ ಅಂದ್ರೂ ಕೇಳಲ್ಲ." ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದ ಅತ್ತಿಗೆಯ ಮೊದಲ ಮಾತು ಇದು. ಲಲಿತಮ್ಮ ಎಂದಿಟ್ಟುಕೊಳ್ಳಿ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ವಯಸ್ಸು 47, ಮನೆಯಲ್ಲೇ ಹೊಲಿಗೆ ಕೆಲಸ, ಗಂಡ ತೀರಿಕೊಂಡು ಎಂಟು ತಿಂಗಳು. ಎಡತೋಳಿನ ನೋವಿಗೆಂದು ಇಸಿಜಿ ಮಾಡಿಸಿ, ಹಾರ್ಟಿನಲ್ಲಿ ಏನೂ ಇಲ್ಲ, ಟೆನ್ಷನ್ ಅಷ್ಟೇ ಎಂದು ಹೇಳಿಸಿಕೊಂಡು ಬಂದಿದ್ದರು.

ಮೊದಲ ಎರಡು ಭೇಟಿಯಲ್ಲಿ ನಾನೂ ಅದನ್ನೇ ನಂಬಿದೆ. ನಿದ್ದೆಯಿಲ್ಲ, ಮಿಷನ್ ಮುಟ್ಟಲ್ಲ, ಮಾತು ಕಡಿಮೆ. ಎಲ್ಲವನ್ನೂ ಅಗಲಿಕೆಯ ದುಃಖದ ಲೆಕ್ಕಕ್ಕೆ ಬರೆದುಕೊಂಡೆ. ಆ ಟಿಪ್ಪಣಿ ಪುಟಗಳು ಇವತ್ತಿಗೂ ಚುಚ್ಚುತ್ತವೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂರನೇ ಸಲ ನಮ್ಮ ವೃತ್ತಿಯ ಸವೆದ ಪ್ರಶ್ನೆಯೊಂದನ್ನು ಕೇಳಿದೆ: "ಹೀಗೆ ಕೈ ಹೊತ್ತು ಕೂತಾಗ ಮನಸ್ಸಲ್ಲಿ ಏನು ಬರುತ್ತೆ?"

"ಮನಸ್ಸಲ್ಲಿ ಏನಿಲ್ಲ ಮೇಡಂ. ಹಿಂಗಿಟ್ಕೊಂಡ್ರೆ ಉರಿ ನಿಲ್ಲುತ್ತೆ. ಇಳಿಸಿದ್ರೆ ಮತ್ತೆ ಶುರು."

ಪೆನ್ನು ಕೆಳಗಿಟ್ಟೆ. ಎಲ್ಲಿ ಉರಿ? ಹೆಗಲ ಹಿಂಬದಿಯಿಂದ ತೋಳಿಗಿಳಿದು ನಡುಬೆರಳ ತನಕ, ಬೆರಳಿಗೆ ಜೋಮು. ಯಾವಾಗ ಹೆಚ್ಚು? ಮೇಲಿನ ತಂತಿಗೆ ಬಟ್ಟೆ ಹರವಲು ಕತ್ತೆತ್ತಿದಾಗ ಕರೆಂಟ್ ಹೊಡೆದ ಹಾಗೆ. ಮತ್ತೇನು? "ನೆಲಕ್ಕೆ ಕೈಯೂರಿ ಏಳೋಕೆ ಹೋದ್ರೆ ಮೊಣಕೈ ಮಡಚ್ಕೊಂಡ್ ಬಿಡುತ್ತೆ." ಇದನ್ನೆಲ್ಲ ಯಾರಿಗೂ ಹೇಳಲಿಲ್ಲವೇ ಎಂದೆ. "ಹೇಳ್ದೆ. ಎಲ್ರೂ ನಮ್ಮೆಜಮಾನ್ರ ಬಗ್ಗೆನೇ ಕೇಳಿದ್ರು."

ಆ ಎಲ್ಲರಲ್ಲಿ ನಾನೂ ಒಬ್ಬಳು.

ಅಂದು ಮಾತುಕತೆ ಅಲ್ಲಿಗೇ ನಿಲ್ಲಿಸಿ ಮೂಳೆ ವೈದ್ಯರಿಗೆ ಚೀಟಿ ಬರೆದೆ: ಯಾವ ಬೆರಳು, ಯಾವ ಭಂಗಿಗೆ ಏರುತ್ತದೆ, ಯಾವುದಕ್ಕೆ ಇಳಿಯುತ್ತದೆ, ಯಾವ ಕೆಲಸಕ್ಕೆ ತೋಳು ಸೋಲುತ್ತದೆ. 'ಟೆನ್ಷನ್' ಎಂಬ ಪದ ಬೇಕೆಂದೇ ಬಿಟ್ಟೆ. ಅತ್ತಿಗೆ ಆಗಲೇ ಕತ್ತಿನ ನೆಟಿಗೆ ತೆಗೆಯುವವರೊಬ್ಬರನ್ನು ಗೊತ್ತು ಮಾಡಿದ್ದರು. ಕತ್ತನ್ನು ಯಾರ ಕೈಗೂ ತಿರುಚಲು ಕೊಡಬೇಡಿ ಎಂದು ಸ್ವಲ್ಪ ಗಡುಸಾಗಿಯೇ ಹೇಳಿದೆ. ನೇರ ಸ್ಕ್ಯಾನಿಂಗ್ ಸೆಂಟರಿಗೆ ಓಡುವುದೂ ಬೇಡವೆಂದೆ. ನಡುವಯಸ್ಸು ದಾಟಿದ ಎಷ್ಟೋ ಜನರ ಕತ್ತಿನಲ್ಲಿ, ನೋವೇ ಇಲ್ಲದವರಲ್ಲೂ, ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದ್ದು ಎಂಆರ್‌ಐಯಲ್ಲಿ ಕಾಣುತ್ತದೆ. ಜೋಮು ಹಿಡಿಯುವ ಬೆರಳು, ತೋಳಿನ ಬಲ, ವೈದ್ಯರು ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಸ್ನಾಯು ಜಿಗಿಯುವ ರೀತಿ ಇವಕ್ಕೆ ಹೊಂದದಿದ್ದರೆ ಆ ಚಿತ್ರದಿಂದ ಭಯ ಬಿಟ್ಟು ಬೇರೇನೂ ಸಿಗದು. ಜೋಮೆಲ್ಲ ಕತ್ತಿನದೇ ಎಂದೂ ಅಲ್ಲ: ರಾತ್ರಿ ಜೋಮು ಹಿಡಿದು, ಕೈ ಕೊಡವಿದರೆ ಸರಿಹೋಗುವವರಲ್ಲಿ ನರ ಸಿಕ್ಕಿಕೊಂಡಿರುವುದು ಹೆಚ್ಚಾಗಿ ಮಣಿಕಟ್ಟಿನಲ್ಲಿ, ಕತ್ತಿನಲ್ಲಲ್ಲ.

ರೋಗ ಹೇಳುವುದು ನಮ್ಮ ಕೆಲಸವಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಪ್ಪಿದೆ. ಆದರೆ ಮೈಯನ್ನು ಯಾರೂ ಸರಿಯಾಗಿ ನೋಡದಿರುವಾಗ 'ಇದು ಮನಸ್ಸಿನದು' ಎನ್ನುವುದೂ ರೋಗ ಹೇಳಿದಂತೆಯೇ ಅಲ್ಲವೇ?

ವೈದ್ಯರು ಕತ್ತನ್ನು ಹಿಂದಕ್ಕೆ, ಎಡಕ್ಕೆ ವಾಲಿಸಿ ನೆತ್ತಿಯನ್ನು ಮೆಲ್ಲಗೆ ಒತ್ತಿದೊಡನೆ ಉರಿ ಬೆರಳಿಗೆ ಹರಿಯಿತಂತೆ. ಮೊಣಕೈ ಹಿಂದೆ ಸುತ್ತಿಗೆ ತಟ್ಟಿದರೆ ತೋಳು ಜಿಗಿಯಲೇ ಇಲ್ಲ. ಬಲ ಕುಗ್ಗಿದ್ದರಿಂದ ಅವರೇ ಎಂಆರ್‌ಐಗೆ ಬರೆದರು. ಕತ್ತಿನ ಏಳು ಮೂಳೆಗಳಲ್ಲಿ ಆರು ಮತ್ತು ಏಳನೆಯದರ ನಡುವಿನ ಡಿಸ್ಕ್, ಏಳನೇ ನರದ ಬೇರನ್ನು ಒತ್ತುತ್ತಿತ್ತು. ನಡುಬೆರಳೂ ಮೊಣಕೈ ಚಾಚುವ ಸ್ನಾಯುವೂ ಮುಖ್ಯವಾಗಿ ಆ ನರದ ಪಾಲಿನವು. ಕೈಯನ್ನು ತಲೆ ಮೇಲಿಟ್ಟಾಗ ಬೇರಿನ ಮೇಲಿನ ಎಳೆತ ಸಡಿಲುತ್ತದೆ. ಅದು ವೈದ್ಯರು ಗಮನಿಸುವ ಒಂದು ಗುರುತು ಎಂದು ನನಗೆ ತಿಳಿದದ್ದೇ ಆಮೇಲೆ.

ಆಪರೇಷನ್ ಬೇಕಾಗಲಿಲ್ಲ. ಮಾತ್ರೆ, ಫಿಸಿಯೋಥೆರಪಿ, ಹೊಲಿಗೆ ಮಿಷನ್ನಿನ ಎತ್ತರ ಬದಲು. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಇಷ್ಟರಲ್ಲೇ ವಾಸಿಯಾಗುತ್ತದೆ. ಆದರೆ ಬಲ ದಿನದಿನಕ್ಕೆ ಇಳಿಯುತ್ತಿದ್ದರೆ, ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯುವಂತಿಲ್ಲ. ಒತ್ತಡ ಬೆನ್ನುಹುರಿಗೇ ತಗುಲಿರಬಹುದು.

ಲಲಿತಮ್ಮ ಈಗಲೂ ಬರುತ್ತಾರೆ. ತೋಳಿಗೆ ಬಲ ಬಂದಿದೆ, ಬೆರಳ ತುದಿಯ ಜೋಮು ಪೂರ್ತಿ ಹೋಗಿಲ್ಲ. ಯಜಮಾನರ ಮಾತು ಈಗ ಅವರೇ ಎತ್ತುತ್ತಾರೆ. ಮನೆಯಲ್ಲಿ ಒಮ್ಮೊಮ್ಮೆ ಅಭ್ಯಾಸಬಲದಿಂದ ಕೈ ತಲೆಗೇರಿದರೆ ಅತ್ತಿಗೆ ಇವತ್ತಿಗೂ "ಇಳಿಸೇ ಕೈಯ" ಎಂದು ಗದರುತ್ತಾರಂತೆ.