ಗುಂಡು ಹಾರಿಸಿದ್ದು ಪಾತ್ರ, ಬೈದದ್ದು ಹುಡುಗ

ಸಲಹಾರ್ಥಿ 20 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿ (ಗುರುತು ಸಿಗುವ ವಿವರ ಬದಲಿಸಿದೆ). ಜಿಟಿಎ ಎಂಬ ವಿಡಿಯೊ ಆಟವನ್ನು ಫೈವ್‌ಎಂ ತಂತ್ರಾಂಶದ ಮೂಲಕ ಹಲವರು ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ರೋಲ್‌ಪ್ಲೇ ಸರ್ವರ್‌ನಲ್ಲಿ ಎಂಟು ತಿಂಗಳಿಂದ ಗ್ಯಾಂಗ್ ಸದಸ್ಯನೊಬ್ಬನ ಪಾತ್ರ ಆಡುತ್ತಿದ್ದ. ಒಂದು ರಾತ್ರಿ ಆ ಪಾತ್ರ ನಡುಬೀದಿಯಲ್ಲಿ, ಸಾಕ್ಷಿಗಳೆದುರೇ, ಪೊಲೀಸ್ ಪಾತ್ರವೊಂದಕ್ಕೆ ಗುಂಡು ಹಾರಿಸಿತು. ಸುತ್ತುವರಿದ ಕೂಡಲೇ ಹುಡುಗ ಆಟದಿಂದಲೇ ಹೊರಬಿದ್ದು, ಆಟಗಾರರು ಮಾತಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಆ ಪೊಲೀಸ್ ಪಾತ್ರಧಾರಿಯನ್ನು ಮನೆಯವರನ್ನೂ ಎಳೆದು ಬೈದ. ಎರಡು ವಾರ ಬ್ಯಾನ್ ಆಯಿತು. ನಿದ್ದೆ ಕೆಟ್ಟಿತು, ಊಟಕ್ಕೆ ಕೂತರೂ ಅದೇ ಜಗಳ. ಕರೆತಂದ ತಾಯಿ ಕೇಳಿದ್ದು: "ಹೊರಗೂ ಹೀಗೇ ಹೊಡೆದಾಡ್ತಾನಾ ಮೇಡಂ?"

ಆ ಭಯಕ್ಕೆ ಆಧಾರ ಕಾಣಲಿಲ್ಲ. ಹುಡುಗ ಯಾರ ಮೇಲೂ ಕೈ ಮಾಡಿದವನಲ್ಲ, ತರಗತಿ ತಪ್ಪಿಸಿಲ್ಲ. ಅಪರಾಧದ ಕಥೆ ಆಡುವ ಸರ್ವರ್‌ನಲ್ಲಿ ಕೊಲೆ ಇದ್ದದ್ದೇ. ಆಟ ಕೆಟ್ಟದ್ದು ಆ ಗುಂಡಿನ ಫಲ ಪಾತ್ರಕ್ಕೆ ತಟ್ಟದಂತೆ ತಡೆದದ್ದರಿಂದ. ತಿಂಗಳುಗಟ್ಟಲೆ ಕಟ್ಟಿದ ಪಾತ್ರ ಜೈಲಿಗೆ ಹೋದರೆ ತನಗೇ ಅವಮಾನ ಎನಿಸುತ್ತದೆ. ಪಾತ್ರದ ಭಾವನೆ ಆಟಗಾರನಿಗೂ ಹರಿಯುವ ಈ ಸೋರಿಕೆಯನ್ನು ರೋಲ್‌ಪ್ಲೇ ಬಲ್ಲವರು ‘ಬ್ಲೀಡ್’ ಎನ್ನುತ್ತಾರೆ. ಆದರೆ ಎದುರಿನ ಆಟಗಾರ ಗುಂಡೇಟಿನ ದೃಶ್ಯವನ್ನು ಒಪ್ಪಿಕೊಂಡು ಆಡಿದ್ದ. ಅದಕ್ಕೆ ಪ್ರತಿಯಾಗಿ ಬರಬೇಕಿದ್ದ ಬಂಧನ, ವಿಚಾರಣೆಯ ದೃಶ್ಯಗಳು ಅವನಿಗೆ ದಕ್ಕಲಿಲ್ಲ. ಆ ನಷ್ಟ ಪಾತ್ರದ್ದಲ್ಲ, ಮನುಷ್ಯನದು.

ಮೊದಲು ಎರಡು ಲೆಕ್ಕ ಬೇರೆ ಮಾಡಿಸಿದೆವು. ಬೈಗುಳಕ್ಕೆ ಹುಡುಗ ತನ್ನ ಹೆಸರಿನಲ್ಲೇ ಕ್ಷಮೆ ಕೇಳಬೇಕು: ಎರಡು ವಾಕ್ಯ ಸಾಕು, ‘ಆದರೆ’ ಬರಕೂಡದು. ಗುಂಡಿಗೆ ಕ್ಷಮೆ ಬೇಡ, ಅದರ ಬೆಲೆ ತೆರಬೇಕಾದ್ದು ಪಾತ್ರ. ಬ್ಯಾನ್ ಮುಗಿದ ಮೇಲೆ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ಗೆ ಟಿಕೆಟ್ (ಬರಹದ ಮನವಿ) ಹಾಕಿ, ಬಂಧನದಿಂದಲೇ ದೃಶ್ಯ ಮುಂದುವರಿಸಲು ಕೇಳುವುದು. ಪಾತ್ರ ಶಾಶ್ವತವಾಗಿ ಸಾಯಬೇಕೇ ಎಂಬುದನ್ನು ಇಬ್ಬರೂ ಆಟಗಾರರು ದೃಶ್ಯಕ್ಕೆ ಮೊದಲೇ ಮಾತಾಡಿಕೊಳ್ಳುವುದು.

ಇನ್ನು ಮುಂದೆ ಬಂದೂಕು ತೆಗೆಯುವ ಮುನ್ನ ಕೇಳಿಕೊಳ್ಳಬೇಕು: ಸಿಕ್ಕಿಬಿದ್ದರೆ, ಗಾಯವಾದರೆ, ಸತ್ತರೆ ಅದನ್ನೂ ಆಡುತ್ತೇನೆಯೇ? ಒಂದಕ್ಕೆ ಇಲ್ಲ ಎಂದರೂ ಬಂದೂಕು ಒಳಗೇ ಇರಲಿ. ಎದುರಿನವರು ತಲೆಗೆ ಬಂದೂಕು ಗುರಿಯಿಟ್ಟಾಗ ಪಾತ್ರ ಹೆದರಲೇಬೇಕು. ಸತ್ತು ಎದ್ದ ಪಾತ್ರ ಕೊಂದವನನ್ನು ನೆನಪಿಟ್ಟು ಸೇಡಿಗೆ ಹೋಗಬಾರದು. ಈ ಎರಡು ನಿಯಮ ಬಹುತೇಕ ಸರ್ವರ್‌ಗಳಲ್ಲಿವೆ, ಜಗಳ ಹುಟ್ಟುವುದೂ ಹೆಚ್ಚಾಗಿ ಇವನ್ನು ಮುರಿದಾಗ.

ಸೋತ ಮೇಲೆ 20 ನಿಮಿಷ ಮೈಕ್ ಆಫ್, ಡಿಸ್ಕಾರ್ಡ್ ಬಂದ್. ಪಾತ್ರದ ಹೆಸರು ಬರೆದು, ಅವನು ಏನು ಮಾಡಿದ, ಯಾರು ನೋಡಿದರು, ಇನ್ನೇನಾಗಬೇಕು ಎಂದು ಕಾಗದದಲ್ಲಿ ಬರೆಯಬೇಕು. ‘ನಾನು’ ಎಂದು ಬರೆದ ಕಡೆಯಲ್ಲೇ ಸಿಟ್ಟು ಕೂತಿರುತ್ತದೆ. ಆಮೇಲೂ ಅನ್ಯಾಯವೆನಿಸಿದರೆ ದೂರಿನಲ್ಲಿ ವಿಡಿಯೊ ತುಣುಕು, ಸಮಯ, ಮುರಿದ ನಿಯಮದ ಸಂಖ್ಯೆ ಇಷ್ಟೇ ಇರಲಿ. ಮುರಿದ ನಿಯಮವೇ ಸಿಗದಿದ್ದರೆ ಎದುರಿನವನು ಗೆದ್ದಿದ್ದಾನೆ, ಅಷ್ಟೆ.

ತಾಯಿಗೆ ಹೇಳಿದ್ದು: ದೃಶ್ಯದ ನಡುವೆ ರೂಟರ್ ಆಫ್ ಮಾಡಬೇಡಿ. ಆಟದಲ್ಲಿ ಅದು ಓಡಿಹೋದಂತೆ ಕಂಡು ಹೊಸ ಶಿಕ್ಷೆ ಬರಬಹುದು. ರಾತ್ರಿ 11ಕ್ಕೆ ನಿಲ್ಲಿಸುವುದಾದರೆ 10.30ರ ನಂತರ ಹೊಸ ದರೋಡೆಗೆ ಇಳಿಯಬಾರದೆಂದು ಒಪ್ಪಂದ ಮಾಡಿಕೊಳ್ಳಿ. ಮನೆಯಲ್ಲಿ ಕೈ ಎತ್ತಿದರೆ, ಕಾಲೇಜು ಬಿಟ್ಟರೆ, ನಿದ್ದೆ ವಾರಗಟ್ಟಲೆ ಸರಿಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಶುರುವಾದ, ತಂತ್ರಜ್ಞಾನದ ಅತಿಬಳಕೆಗೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್‌ಗೆ ಕರೆದೊಯ್ಯಿರಿ.