ಹಳೆಯ ಪದ್ಮಿನಿಗೆ ಯಾವ ಕೂಲಂಟ್?

ಪ್ರಶ್ನೆ: ನಮ್ಮ ತಂದೆಯವರ 1992ರ ಪ್ರೀಮಿಯರ್ ಪದ್ಮಿನಿ ಕಾರಿಗೆ ಇಷ್ಟು ವರ್ಷ ಬೋರ್‌ವೆಲ್ ನೀರನ್ನೇ ಹಾಕುತ್ತ ಬಂದಿದ್ದೇವೆ. ಬೇಸಿಗೆಯಲ್ಲಿ ಸಿಂದಗಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ವಿಪರೀತ ಕಾಯುತ್ತದೆ. ಹೊಸ ಕಾರುಗಳ ಕೆಂಪು ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಹಾಕಬಹುದೇ? ಸೋರಿಕೆ ತಡೆಯುವ ಪುಡಿಯೂ ಬೇಕೇ?
— ಓದುಗರೊಬ್ಬರು, ವಿಜಯಪುರ

ಉತ್ತರ: ಗಡುಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಪದರವೇ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟಿಕೊಂಡು ಶಾಖವು ಹೊರಹೋಗದಂತೆ ತಡೆಯುತ್ತದೆ. ಆದ್ದರಿಂದ ಕೂಲಂಟ್ ಕೊಳ್ಳುವ ಮೊದಲು ರೇಡಿಯೇಟರನ್ನು ಬಿಚ್ಚಿಸಿ ತೊಳೆಸಿರಿ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ಕವಾಟ), ಫ್ಯಾನ್ ಬೆಲ್ಟ್ ಹಾಗೂ ರೇಡಿಯೇಟರಿನ ಕ್ಯಾಪನ್ನು ಪರೀಕ್ಷಿಸಿರಿ.

ಬಣ್ಣವನ್ನು ನಂಬಬೇಡಿ, ಅದು ಕಂಪನಿಯವರು ಬೆರೆಸುವ ರಂಗು ಮಾತ್ರ. ಡಬ್ಬಿಯ ಮೇಲೆ ಬರೆದ ರಾಸಾಯನಿಕ ವರ್ಗವನ್ನು ಓದಿರಿ. ಎರಕದ ಕಬ್ಬಿಣದ ಎಂಜಿನ್ ಬ್ಲಾಕ್, ಅಲ್ಯೂಮಿನಿಯಂ ಹೆಡ್, ತಾಮ್ರ-ಹಿತ್ತಾಳೆಯ ರೇಡಿಯೇಟರ್ ಮತ್ತು ಸೀಸದ ಬೆಸುಗೆ ಇರುವ ನಿಮ್ಮ ಕಾರಿಗೆ ಸಿಲಿಕೇಟ್ (ಲೋಹ ಸವೆಯದಂತೆ ಕಾಯುವ ಲವಣ) ಬೆರೆಸಿದ ಸಾಂಪ್ರದಾಯಿಕ ಕೂಲಂಟ್ ಒಪ್ಪುತ್ತದೆ. ಸಾವಯವ ಆಮ್ಲ ಆಧಾರಿತ ಹೊಸ ಬಗೆಗಳಲ್ಲಿ ಕೆಲವು ಹಳೆಯ ಬೆಸುಗೆಗೆ ಹೊಂದುವುದಿಲ್ಲ. ನಮ್ಮ ಸೀಮೆಯಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲವಾದ್ದರಿಂದ ಅನೇಕರು ಕೂಲಂಟನ್ನೇ ಅನಗತ್ಯವೆಂದು ಬಗೆಯುತ್ತಾರೆ, ಆದರೆ ಇಲ್ಲಿ ಅದರ ಮುಖ್ಯ ಕೆಲಸ ತುಕ್ಕು ತಡೆಯುವುದು ಮತ್ತು ಕುದಿಯುವ ಬಿಂದುವನ್ನು ಏರಿಸುವುದು. ಕೂಲಂಟಿನ ಮುಖ್ಯ ದ್ರವವಾದ ಗ್ಲೈಕಾಲ್ ನೀರಿಗಿಂತ ಕಡಿಮೆ ಶಾಖ ಒಯ್ಯುವುದರಿಂದ ಬರೀ ಕೂಲಂಟ್ ತುಂಬದೆ, ಸಾಂದ್ರ ದ್ರವವಾದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿರಿ. ಈ ಬಗೆಯ ಕೂಲಂಟನ್ನು 2 ವರ್ಷಕ್ಕೊಮ್ಮೆ ಬದಲಿಸಬೇಕು.

ಪುಡಿಯ ಗೊಡವೆ ಬೇಡ. ಅದು ಸೋರುವ ರಂಧ್ರವನ್ನಷ್ಟೇ ಅಲ್ಲದೆ, ಮೊದಲೇ ಕಿರಿದಾದ ಕೊಳವೆಗಳನ್ನೂ ಮುಚ್ಚಬಲ್ಲದು. ಸೋರುವಲ್ಲಿ ಬೆಸುಗೆ ಹಾಕಿಸುವುದೇ ಸರಿ.