ಭಕ್ತನಾದ ಕೋಚ್ ಪಂದ್ಯಕ್ಕೆ ಮುಂಚೆ ಹುಡುಗರಿಂದ ಪ್ರಾರ್ಥನೆ ಮಾಡಿಸಬಹುದೇ? ಅಮೆರಿಕನ್ ಫುಟ್‌ಬಾಲ್ ಕೋಚ್ ಬಿಲ್ ಮೆಕಾರ್ಟ್ನಿ ಮಾಡಿಸುತ್ತಿದ್ದರಲ್ಲ?

ಮಾಡಿಸಿ, ಬಿಡಿ. ನಿಮ್ಮ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ ಸಾರ್.

ನಾನೂ ಕಾಲೇಜು ಕಬಡ್ಡಿ ತಂಡಕ್ಕೆ ವರ್ಷಗಟ್ಟಲೆ ತೆಂಗಿನಕಾಯಿ ಒಡೆಸಿದವನೇ. ಅಮೆರಿಕದ ಕೊಲರಾಡೊ ರಾಜ್ಯದ ಬೋಲ್ಡರ್‌ನಲ್ಲಿದ್ದ ಅಣ್ಣ ಮೆಕಾರ್ಟ್ನಿಯ ಪೇಪರ್ ಕಟಿಂಗ್ ಕಳಿಸುತ್ತಿದ್ದ, ಫೈಲ್ ಮಾಡಿ ಇಟ್ಟಿದ್ದೆ. 1982ರಲ್ಲಿ ಸೋತು ಸುಣ್ಣವಾಗಿದ್ದ ಕೊಲರಾಡೊ ವಿಶ್ವವಿದ್ಯಾಲಯದ ತಂಡವನ್ನು ಕೈಗೆತ್ತಿಕೊಂಡು 1990ರಲ್ಲಿ ರಾಷ್ಟ್ರೀಯ ಚಾಂಪಿಯನ್ ಮಾಡಿದ ಮನುಷ್ಯ. ಅದೇ ವರ್ಷ ಗಂಡಸರಿಗಾಗಿ ‘ಪ್ರಾಮಿಸ್ ಕೀಪರ್ಸ್’ ಅನ್ನೋ ಕ್ರೈಸ್ತ ಸಂಘಟನೆಯನ್ನೂ ಶುರುಮಾಡಿದರು.

ಆ ವರ್ಷದ ಅಕ್ಟೋಬರ್ 6ರಂದು ಮಿಸ್ಸೌರಿ ವಿಶ್ವವಿದ್ಯಾಲಯದ ಎದುರು ಆಡಿದ ಪಂದ್ಯದ ಬಗ್ಗೆ ಓದಿದ್ದೀರಾ? ಅವರ ಆಟದಲ್ಲಿ ಒಂದು ಸರದಿಗೆ ನಾಲ್ಕೇ ಯತ್ನ. ಎಷ್ಟನೇ ಯತ್ನ ಅಂತ ತೋರಿಸುವ ಫಲಕ ಬದಲಿಸುವುದನ್ನು ಮೈದಾನದ ಸಿಬ್ಬಂದಿ ಮರೆತರು, ಕೊಲರಾಡೊಗೆ ಐದನೆಯದೂ ಸಿಕ್ಕಿತು, ಅದರಲ್ಲೇ 33-31ಕ್ಕೆ ಗೆದ್ದರು. ಆಮೇಲೆ ಮೆಕಾರ್ಟ್ನಿ ದೂರಿದ್ದು ಜಾರುವ ಮೈದಾನವನ್ನು!

ನನ್ನದು 2003ರ ಫೈನಲ್. ಕೊನೇ ರೈಡಿನಲ್ಲಿ ನಮ್ಮ ಕ್ಯಾಪ್ಟನ್ ಇಬ್ಬರನ್ನು ಮುಟ್ಟಿ ಬಂದ. ಎದುರು ಕೋರ್ಟಿನಲ್ಲಿದ್ದದ್ದು ಐದೇ ಜನ. ಆರು ಜನ ಇಲ್ಲದಿದ್ದರೆ ಬೋನಸ್ ಲೆಕ್ಕಕ್ಕೇ ಇಲ್ಲ, ಇದು ಹೈಸ್ಕೂಲ್ ಮಕ್ಕಳಿಗೂ ಗೊತ್ತು. ಸ್ಕೋರರ್ ಮಾತ್ರ ಬೋನಸ್ ಸೇರಿಸಿ ಮೂರು ಕೊಟ್ಟ. ಕರಿಹಲಗೆಯ ಮೇಲೆ 28 ಅಳಿಸಿ 31 ಬರೆದದ್ದನ್ನು ನಾನು ಕಣ್ಣಾರೆ ನೋಡಿದೆ. ಅವರದು 30. ಟೇಬಲ್ ನನಗೆ ನಾಲ್ಕು ಹೆಜ್ಜೆ. ಎದ್ದು ಹೋಗಿ ‘ಎರಡೇ ಸಾರ್’ ಅಂದಿದ್ದರೆ ಆಗಿತ್ತು. ಏಳಲಿಲ್ಲ. ಮೊದಲಾರ್ಧದಲ್ಲಿ ನಮಗೂ ಅನ್ಯಾಯವಾಗಿತ್ತು ಅಂತ ಮನಸ್ಸಿನಲ್ಲೇ ವಕಾಲತ್ತು ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಬಚಾವಾಗುತ್ತಿದ್ದೆನೇನೋ. ಹುಡುಗರನ್ನು ಸಾಲಾಗಿ ನಿಲ್ಲಿಸಿ ‘ಅಮ್ಮ ಕೊಟ್ಟ ಪಾಯಿಂಟ್ ಕಣ್ರೋ, ಕೈ ಮುಗೀರಿ’ ಅಂದೆ. ತಪ್ಪು ಮಾಡಿದ್ದು ನಾನು, ಸಹಿ ಹಾಕಿಸಿದ್ದು ದೇವರ ಕೈಲಿ.

ಕ್ಯಾಪ್ಟನ್ ಮಾತ್ರ ಕೈ ಮುಗಿಯಲಿಲ್ಲ. ಎಷ್ಟು ಜನರನ್ನು ಮುಟ್ಟಿದ್ದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೆಕಾರ್ಟ್ನಿ 1994ರಲ್ಲಿ, ಇನ್ನೂ ವರ್ಷಗಟ್ಟಲೆ ಒಪ್ಪಂದ ಬಾಕಿ ಇರುವಾಗಲೇ, ಮನೆಯವರಿಗೆ ಸಮಯ ಕೊಡಬೇಕೆಂದು ಕೋಚ್ ಕೆಲಸ ಬಿಟ್ಟರು. 1998ರಲ್ಲಿ ಮಿಸ್ಸೌರಿಗೇ ಹೋಗಿ ಆ ಐದನೇ ಯತ್ನದ ಬಗ್ಗೆ ಪಶ್ಚಾತ್ತಾಪ ಹೇಳಿಕೊಂಡರು. ಎಂಟು ವರ್ಷ ಹಿಡಿಯಿತು. ಅವರಿಂದ ಕಲಿಯುವುದಿದ್ದರೆ ಇದನ್ನು ಕಲಿಯಿರಿ, ಪ್ರಾರ್ಥನೆ ನಿಮ್ಮಜ್ಜಿಯೂ ಕಲಿಸುತ್ತಾರೆ. ಇನ್ನೊಂದು: ಸ್ಕೋರರ್ ಪಕ್ಕ ನಿಮ್ಮ ಹುಡುಗನೊಬ್ಬನನ್ನು ಕೂರಿಸಿ, ನಿಮ್ಮ ಪರ ಆದ ತಪ್ಪನ್ನೂ ಕೂಗಿ ಹೇಳಲು ಹೇಳಿ.

ನಮ್ಮ ಕ್ಯಾಪ್ಟನ್‌ಗೆ ಈಗ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆ ಬೇಕಾದರೆ ನಾನು ಆಚೆ ಬೀದಿಗೆ ಹೋಗುತ್ತೇನೆ.